ಗಬ್ಬದ ಕುರಿಯ ಲೆಕ್ಕದಲ್ಲಿ ಕೊಂಡ ಎರಡು ಎಕರೆ

ಮದುವೆಯಾದ ಹೊಸತರಲ್ಲಿ ನಮ್ಮತ್ತೆ ನನ್ನನ್ನು ಮೊದಲು ಕರೆದುಕೊಂಡು ಹೋದದ್ದು ಚಳ್ಳಕೆರೆಯ ಕುರಿ ಸಂತೆಗೆ. ನಾನು ಚಳ್ಳಕೆರೆಯಲ್ಲೇ ಹುಟ್ಟಿ ಬೆಳೆದವಳು. ಎಣ್ಣೆ ಮಿಲ್ಲುಗಳ ಹಿಂಡಿಯ ವಾಸನೆಯಲ್ಲೇ ಓದಿ, ಬಿ.ಎಡ್. ಮುಗಿಸಿ, ತಳಕಿನಲ್ಲಿ ಗಣಿತದ ಟೀಚರಾಗಿದ್ದೆ. ಸಂತೆ ನಡೆಯುವ ಜಾಗದ ಪಕ್ಕದಲ್ಲಿ ಎಷ್ಟೋ ಸಲ ಮೂಗು ಮುಚ್ಚಿಕೊಂಡು ಓಡಾಡಿದ್ದೆನೇ ಹೊರತು ಒಳಗೆ ಕಾಲಿಟ್ಟವಳಲ್ಲ. ಅವತ್ತು ಹೊಸ ಸೀರೆ ಉಟ್ಟುಕೊಂಡು ಕುರಿಗಳ ನಡುವೆ ನಿಂತಿದ್ದೆ. ಅತ್ತೆಗೆ ನನ್ನ ಸೀರೆಯ ಮೇಲೆ ಗಮನವೇ ಇರಲಿಲ್ಲ.

ಅವರ ತವರು ಮೊಳಕಾಲ್ಮೂರು ತಾಲೂಕಿನ ದೇವಸಮುದ್ರದ ಕಡೆ. ಮಾತು ಅರ್ಧ ಕನ್ನಡ, ಅರ್ಧ ತೆಲುಗು; ಸಿಟ್ಟು ಬಂದರೆ ಪೂರ್ತಿ ತೆಲುಗು. ಅಕ್ಷರ ಬಾರದು. ಆದರೆ ಸಂಜೆ ಅರವತ್ತು ಕುರಿ ಹಟ್ಟಿಗೆ ಬರುವಾಗ ಒಂದು ಕಡಿಮೆಯಾಗಿದ್ದರೆ ಎಣಿಸದೆಯೇ ಅವರಿಗೆ ಗೊತ್ತಾಗುತ್ತಿತ್ತು. ಯಾವುದು ಬಂದಿಲ್ಲ ಎಂಬುದೂ ಗೊತ್ತಾಗುತ್ತಿತ್ತು. ನಾನೋ, ನಲವತ್ತು ಮಕ್ಕಳ ಹಾಜರಿಯನ್ನು ಕೂಗಿ ಕೂಗಿ ತೆಗೆದುಕೊಂಡು ಆಮೇಲೂ ತಪ್ಪುವವಳು. ಅತ್ತೆಯ ವಿಷಯದಲ್ಲಿ ನನ್ನ ಬೆರಗು ಶುರುವಾದದ್ದು ಹೀಗೆ.

ಸಂತೆಯಲ್ಲಿ ಅವರು ಒಂದು ಗಬ್ಬದ ಕುರಿಯನ್ನು ವ್ಯಾಪಾರ ಮಾಡುತ್ತಿದ್ದರು. ಮಾರುವವನು ಅದರ ಹೊಟ್ಟೆ ತಟ್ಟಿ ತೋರಿಸಿ, "ಒಳಗೊಂದು ಐತವ್ವ, ಅದಕ್ಕೂ ಸೇರಿಸಿ ಕೊಡ್ರಿ" ಎಂದ. ಅತ್ತೆ ತಲೆಯಾಡಿಸಿದರು.

"ಒಳಗಿಂದು ಗಂಡೋ ಹೆಣ್ಣೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬದುಕ್ತೈತೋ ಇಲ್ಲೋ ಅದೂ ಗೊತ್ತಿಲ್ಲ. ಇವತ್ತಿನ ಬೆಲೆ ಇವತ್ತು. ಹೊಟ್ಟೆಪಾಲು ಇಟ್ಕ."

ಹಾಗೆಂದು ಕುರಿಯ ಬೆನ್ನಿನಿಂದ ಒಂದು ಚಿಟಿಕೆ ಉಣ್ಣೆ ಕಿತ್ತು, ಎರಡು ಭಾಗ ಮಾಡಿ, ಒಂದನ್ನು ಅವನ ಕೈಗಿತ್ತರು. ಇನ್ನೊಂದನ್ನು ತಮ್ಮ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡರು. ಅವನು ಬರೀ ಕುರಿಯ ಬೆಲೆಗೆ ಒಪ್ಪಿದ.

ಬಸ್ಸಿನಲ್ಲಿ ಬರುವಾಗ ಹೊಟ್ಟೆಪಾಲು ಎಂದರೇನೆಂದು ಕೇಳಿದೆ. ಅವರ ತವರಿನ ಕುರಿಯವರಲ್ಲಿ ಅದು ಹಿಂದಿನಿಂದ ಬಂದ ಪದ್ಧತಿಯಂತೆ. ಗಬ್ಬದ ಕುರಿಯನ್ನು ಖಾಲಿ ಕುರಿಯ ಬೆಲೆಗೇ ಕೊಳ್ಳಬೇಕು. ಮರಿ ಹುಟ್ಟಿ, ಬದುಕಿ, ಮುಂದೆ ಅದಕ್ಕೊಂದು ಬೆಲೆ ಬಂದರೆ ನಾಲ್ಕರಲ್ಲಿ ಒಂದು ಪಾಲು ಮೊದಲು ಮಾರಿದವನದು. ಮರಿ ಸತ್ತರೆ ಉಣ್ಣೆಯನ್ನು ಗಾಳಿಗೆ ಬಿಟ್ಟು ಸುಮ್ಮನಾಗುವುದು. ಇದಕ್ಕೆ ಒಂದೇ ಒಂದು ಕಟ್ಟಳೆ: ಮಾರಿದವನು ಬಾಯಿಬಿಟ್ಟು ಕೇಳುವ ಹಾಗಿಲ್ಲ. ಕೇಳಿದರೆ ಪಾಲು ಹೋಯಿತು. ಕೊಂಡವನೇ ಅವನನ್ನು ಹುಡುಕಿಕೊಂಡು ಹೋಗಿ ಕೊಡಬೇಕು.

"ಕೊಂಡೋನು ಕೊಡದೇ ಹೋದ್ರೆ?" ಎಂದೆ.

ಅತ್ತೆ ನನ್ನ ಮುಖ ನೋಡಿದರು. "ಹಂಗೂ ಮಾಡ್ತಾರಾ?" ಎಂದರು. ಚುಚ್ಚಿ ಹೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ಪೇಟೆಯವಳಾದ ನನಗೆ ಗೊತ್ತಿರಬಹುದೆಂದು.

ಇದಾದ ಮೂರ್ನಾಲ್ಕು ವರ್ಷಕ್ಕೆ, ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ, ನನಗೆ ಭೂಮಿಯ ಹುಚ್ಚು ಹಿಡಿಯಿತು. ನಾನು ಬಾಡಿಗೆ ಮನೆಯಲ್ಲೇ ಬೆಳೆದವಳು. ನನ್ನದು ಎಂದು ಕಾಲಿಡಲು ಅಂಗೈಯಗಲ ನೆಲ ಬೇಕೆಂಬ ಆಸೆ ನನ್ನೊಳಗೆ ಎಷ್ಟು ಆಳವಾಗಿತ್ತೆಂದರೆ, ಬಸ್ಸಿನ ಕಿಟಕಿಯಿಂದ ಬೇರೆಯವರ ಹೊಲದ ಬದು ನೋಡಿದರೂ ಹೊಟ್ಟೆ ಉರಿಯುತ್ತಿತ್ತು. ನನ್ನ ಸಂಬಳದಲ್ಲಿ ಉಳಿಸಿದ್ದು ಸ್ವಲ್ಪವಿತ್ತು. ಅತ್ತೆ ಇಪ್ಪತ್ತು ಕುರಿ ಮಾರಿದರೆ ಉಳಿದದ್ದು ಹೊಂದುತ್ತಿತ್ತು. ಅವರ ಮಂದೆಯ ಮೂರರಲ್ಲಿ ಒಂದು ಭಾಗ ಅದು. ಹಾಗಾಗಿ ಅವರನ್ನು ಒಪ್ಪಿಸದೆ ಏನೂ ನಡೆಯುವಂತಿರಲಿಲ್ಲ.

ಎದುರಿಗೆ ಎರಡು ದಾರಿಯಿದ್ದವು. ಚಳ್ಳಕೆರೆಯ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಅಂಗಡಿ ಮಳಿಗೆ; ತಿಂಗಳಾದರೆ ಬಾಡಿಗೆ ಗ್ಯಾರಂಟಿ. ಇನ್ನೊಂದು, ಗಂಡನ ಊರಿನ ಆಚೆ, ವರವು ಕಾವಲಿನ ಹುಲ್ಲುಗಾವಲಿಗೆ ಅಂಟಿಕೊಂಡಿದ್ದ ಎರಡು ಎಕರೆ ಕೆಂಪು ನೆಲ. ಮಳೆ ಬಂದರೆ ಶೇಂಗಾ, ಇಲ್ಲದಿದ್ದರೆ ಒಂದು ಬಾರೆಗಿಡ ಮತ್ತು ಗಾಳಿ.

ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎರಡರ ಲೆಕ್ಕವನ್ನೂ ಬರೆದೆ. ವರ್ಷದ ಆದಾಯ, ವರ್ಷದ ಖರ್ಚು, ಕೊನೆಯಲ್ಲಿ "ಹತ್ತು ವರ್ಷದ ನಂತರದ ಬೆಲೆ" ಎಂಬ ಸಾಲು. ಭೂಮಿಯ ಬೆಲೆ ವರ್ಷಕ್ಕೆ ನೂರಕ್ಕೆ ಹನ್ನೆರಡರಂತೆ ಏರುತ್ತದೆ ಎಂದು ಹಿಡಿದಿದ್ದೆ. ಹನ್ನೆರಡೇ ಯಾಕೆ ಎಂದರೆ, ಎಂಟು ಹಿಡಿದರೆ ಮಳಿಗೆ ಗೆಲ್ಲುತ್ತಿತ್ತು, ಹತ್ತು ಹಿಡಿದರೂ ಮಳಿಗೆಯೇ ಗೆಲ್ಲುತ್ತಿತ್ತು. ಹನ್ನೆರಡಕ್ಕೆ ಹೊಲ ಗೆದ್ದಿತು. ಅಲ್ಲಿಗೆ ಪೆನ್ನಿನ ಕ್ಯಾಪು ಹಾಕಿದೆ. ಮಕ್ಕಳು ಉತ್ತರ ಮೊದಲೇ ನೋಡಿಕೊಂಡು ಲೆಕ್ಕ ಮಾಡಿದರೆ ಕಿವಿ ಹಿಂಡುವ ನಾನು, ಮನೆಯಲ್ಲಿ ಕೂತು ಮಾಡಿದ್ದು ಅದನ್ನೇ.

ಅತ್ತೆ ಕಂಬಳಿಯ ಮೇಲೆ ಕೂತು ನಾನು ಓದಿದ್ದನ್ನೆಲ್ಲಾ ಕೇಳಿಸಿಕೊಂಡರು. ಆಮೇಲೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಇದರಾಗೆ ಏನೈತೆ?"

"ಮುಂದೆ ಬರೋ ಬೆಲೆ."

"ಯಾರು ಹೇಳಿದ್ರು ಬರ್ತೈತೆ ಅಂತ?"

"ಲೆಕ್ಕ ಹೇಳ್ತೈತೆ ಅತ್ತೆ."

"ಲೆಕ್ಕ ಹಾಕಿದ್ದು ನೀನು. ಹಂಗಾರೆ ನೀನೇ ಹೇಳ್ದಂಗಾತು." ಅವರು ತಮ್ಮ ಅಂಗೈಯನ್ನು ಆ ಸಾಲಿನ ಮೇಲೆ ಪೂರ್ತಿ ಮುಚ್ಚಿಟ್ಟರು. ಕುರಿಯ ಕಾಲು ಕಟ್ಟಿ ಕಟ್ಟಿ ಒರಟಾದ ಅಗಲವಾದ ಕೈ. "ಈಗ ಹೇಳು ಟೀಚರಮ್ಮ, ಯಾವುದು ತಗಳ್ಳಾನ?"

ಕೈ ಕೆಳಗೆ ಮುಚ್ಚಿಹೋದ ಅಂಕಿಗಳಿಲ್ಲದೆ ನನ್ನ ಹೊಲ ಸೋತುಹೋಗಿತ್ತು. ಅಳು ಬರುವಂತಾಗಿ, "ಮಳಿಗೆ" ಎಂದೆ.

"ಯಾಕೆ? ಹೊಲದ ಕಡೆ ನೀನು ಶೇಂಗಾ ಒಂದೇ ಬರ್ದೀಯಲ್ಲ. ಕುರಿ ಎಲ್ಲಿ ಬರ್ದೆ?"

ನಾನು ಬರೆದಿರಲಿಲ್ಲ. ಅತ್ತೆ ವರ್ಷದಲ್ಲಿ ಮೂರು ತಿಂಗಳು ಮಂದೆಯನ್ನು ರಾತ್ರಿ ಬೇರೆಯವರ ಹೊಲದಲ್ಲಿ ತರುಬಿ ಮಲಗಿಸುತ್ತಿದ್ದರು. ಹಿಕ್ಕೆ, ಗಂಜಲವೆಲ್ಲ ಅವರ ಪಾಲಾಗುತ್ತಿತ್ತು. ಕಾವಲಿನ ಅಂಚಿನಲ್ಲೇ ನಮ್ಮ ನೆಲವಿದ್ದರೆ ಮೇವಿಗೆ ದಿನಾ ಎರಡು ಮೈಲಿ ನಡೆಯುವುದು ತಪ್ಪುತ್ತದೆ, ಮರಿಗಳು ಸೊರಗುವುದಿಲ್ಲ, ಗೊಬ್ಬರ ನಮ್ಮ ಶೇಂಗಾಕ್ಕೇ ಬೀಳುತ್ತದೆ. ಅವರು ಒಂದೊಂದಾಗಿ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಕೂಡಿಸಿದಾಗ, ಕೊನೆಯ ಸಾಲನ್ನು ಮುಟ್ಟದೆಯೇ ಹೊಲ ಮಳಿಗೆಯನ್ನು ದಾಟಿಬಿಟ್ಟಿತು. ಹತ್ತು ವರ್ಷ ಮುಂದಕ್ಕೆ ಕಣ್ಣು ನೆಟ್ಟವಳಿಗೆ ಕಣ್ಣೆದುರಿನ ಅರವತ್ತು ಕುರಿ ಕಂಡಿರಲಿಲ್ಲ.

ಹೊಲದ ಒಡೆಯ ನಮ್ಮೂರಿನವನೇ, ನಲವತ್ತು ದಾಟಿದವನು. ಬೇಸಾಯ ಬಿಟ್ಟು ತಳಕಿನ ಬಸ್ ನಿಲ್ದಾಣದ ಎದುರು ಚಹಾದಂಗಡಿ ಇಡುವ ಆಸೆ ಅವನಿಗೆ. ಹೊಲದಲ್ಲೇ ಮಾತುಕತೆಯಾಯಿತು. ಅವನೂ ನನ್ನಂಥವನೇ ಎಂದು ಅವತ್ತು ಗೊತ್ತಾಯಿತು.

"ಮುಂದೆ ಇಲ್ಲಿ ರೋಡು ದೊಡ್ಡದಾಗ್ತೈತೆ. ಈ ನೆಲದ ಬೆಲೆ ಎಲ್ಲಿಗೋ ಹೋಗ್ತೈತೆ. ಅದನ್ನೂ ನೋಡಿ ಕೊಡ್ರಿ" ಎಂದ.

ನನಗೆ ರೇಗಿತು. ಮುಂದೆ ಬರುವ ಬೆಲೆಯ ಆಸೆಗೇ ನಾನು ಕೊಳ್ಳಲು ಬಂದವಳು. ಅದನ್ನು ಇವತ್ತೇ ಇವನಿಗೆ ಕೊಟ್ಟುಬಿಟ್ಟರೆ ನನಗೇನು ಉಳಿಯಿತು? ಕೊಡದಿದ್ದರೆ ಅವನಿಗೇನು ಉಳಿಯಿತು ಎಂದು ಯೋಚಿಸುವಷ್ಟು ದೊಡ್ಡ ಮನಸ್ಸು ಆಗ ನನಗಿರಲಿಲ್ಲ. ಹಗ್ಗಜಗ್ಗಾಟ ಮಧ್ಯಾಹ್ನದವರೆಗೆ ನಡೆಯಿತು. ಕೊನೆಗೆ ಅತ್ತೆ ಎದ್ದು ನಿಂತರು.

"ಗಬ್ಬದ ಕುರಿ ಲೆಕ್ಕ ಮಾಡಾನ. ಇವತ್ತಿನ ಬೆಲೆ ಇವತ್ತು ತಗ. ಮುಂದೆ ಮರಿ ಹುಟ್ಟಿದ್ರೆ ನಾಕರಾಗೆ ಒಂದು ನಿಂದು. ರೇಪು ಸಂಗತಿ ರೇಪು."

ನಾಳೆಯ ಮಾತು ನಾಳೆಗೆ ಎಂದು ತೆಲುಗಿನಲ್ಲಿ ಹೇಳಿದರೆಂದರೆ ಅಲ್ಲಿಗೆ ವ್ಯಾಪಾರ ಮುಗಿಯಿತೆಂದೇ ಅರ್ಥ. ಖಾಸಗಿ ಬಸ್ಸಿನ ಕಂಡಕ್ಟರಾಗಿದ್ದ ನನ್ನ ಗಂಡ, "ಅವ್ವ, ನೆಲಕ್ಕೆ ಉಣ್ಣೆ ಎಲ್ಲಿಂದ ಕೀಳ್ತೀಯ?" ಎಂದು ನಕ್ಕರು. ಅತ್ತೆ ನಗಲಿಲ್ಲ. ಬದುವಿನಲ್ಲಿ ಮೇಯುತ್ತಿದ್ದ ತಮ್ಮ ಒಂದು ಕರಿಕುರಿಯನ್ನು ಕರೆದು, ಚಿಟಿಕೆ ಉಣ್ಣೆ ಕಿತ್ತು, ಎರಡು ಮಾಡಿ, ಒಂದನ್ನು ಅವನಿಗೆ ಕೊಟ್ಟರು. ಅವನು ಅದನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟ. ಕೇಳಿದ್ದಕ್ಕಿಂತ ಬೆಲೆ ಸಾಕಷ್ಟು ಇಳಿಸಿಯೇ ಕೊಟ್ಟ. ಪತ್ರ ನನ್ನ ಹೆಸರಿಗಾಯಿತು. ಪತ್ರದಲ್ಲಿ ಉಣ್ಣೆಯ ವಿಷಯ ಇರಲಿಲ್ಲ. ನಾನೂ ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ.

ಆಮೇಲಿನ ವರ್ಷಗಳು ಚೆನ್ನಾಗಿದ್ದವು. ಮಾರಿದ ಇಪ್ಪತ್ತು ಕುರಿ ಎರಡು ವರ್ಷಕ್ಕೇ ಮಂದೆಯಲ್ಲಿ ಮತ್ತೆ ತುಂಬಿದವು. ಭಾನುವಾರ ನಾನೂ ಹೊಲಕ್ಕೆ ಹೋಗುತ್ತಿದ್ದೆ. ಬದುವಿನಾಚೆ ಕಾವಲು ಶುರುವಾಗುತ್ತಿತ್ತು. ಕಣ್ಣು ಹೋಗುವಷ್ಟು ದೂರ ಹುಲ್ಲು, ಅಲ್ಲಲ್ಲಿ ಜಾಲಿ, ಒಮ್ಮೊಮ್ಮೆ ದೂರದಲ್ಲಿ ಜಿಗಿಯುವ ಕೃಷ್ಣಮೃಗ. ಗಾಳಿ ಬೀಸಿದಾಗ ಹುಲ್ಲು ಆ ತುದಿಯಿಂದ ಈ ತುದಿಗೆ ಬಾಗುತ್ತಾ ಬಂದು ನನ್ನ ಕಾಲ ಬುಡದಲ್ಲಿ ನಿಲ್ಲುತ್ತಿತ್ತು. ಇದಕ್ಕೆ ನನ್ನ ನೋಟ್‌ಬುಕ್ಕಿನ ಯಾವ ಸಾಲಿನಲ್ಲೂ ಜಾಗ ಇರಲಿಲ್ಲ.

ಆ ಹೊಲ ಮಾರಿದವನು ತಳಕಿನಲ್ಲಿ ಅಂಗಡಿ ಇಟ್ಟಿದ್ದ. ಬೆಳಿಗ್ಗೆ ಬಸ್ಸಿಳಿದವಳು ಅಲ್ಲೇ ಒಂದು ಚಹಾ ಕುಡಿದು ಶಾಲೆಗೆ ಹೋಗುತ್ತಿದ್ದೆ. ಒಂದು ದಿನವೂ ಅವನು ಪುಕ್ಕಟೆ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಹೊಸ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ಕಾವಲಿನಲ್ಲಿ ಜೀಪುಗಳು ಕಾಣಿಸಿಕೊಂಡವು. ಅಳತೆಯ ಕಲ್ಲುಗಳು ಬಿದ್ದವು. ಏನೋ ದೊಡ್ಡದು ಬರುತ್ತದಂತೆ, ರಕ್ಷಣೆಯದಂತೆ, ವಿಜ್ಞಾನದ್ದಂತೆ, ಊರಿಗೇ ಊರೇ ಹುಟ್ಟುತ್ತದಂತೆ. ಒಂದು ದಿನ ಬಿಳಿ ಕಾರಿನಲ್ಲಿ ಒಬ್ಬ ದಲ್ಲಾಳಿ ಬಂದು ನಮ್ಮ ಎರಡು ಎಕರೆಗೆ ಒಂದು ಬೆಲೆ ಹೇಳಿದ. ನಾನು ಎರಡು ಸಲ ಕೇಳಿದೆ. ಅವನು ಎರಡು ಸಲವೂ ಅದನ್ನೇ ಹೇಳಿದ.

ಅವನು ಹೋದ ಮೇಲೆ ಟ್ರಂಕಿನಿಂದ ಹಳೆಯ ನೋಟ್‌ಬುಕ್ ತೆಗೆದೆ. ನನ್ನ ಕೊನೆಯ ಸಾಲು, ಅಷ್ಟು ಆಸೆಪಟ್ಟು, ಮೋಸ ಮಾಡಿ ಉಬ್ಬಿಸಿದ ಆ ಅಂಕಿ, ಅವನು ಹೇಳಿದ್ದರ ಐದರಲ್ಲಿ ಒಂದು ಭಾಗವೂ ಇರಲಿಲ್ಲ. ಸಂಜೆ ಒಬ್ಬಳೇ ಹೊಲಕ್ಕೆ ಹೋಗಿ ನಿಂತೆ. ಅದೇ ಕೆಂಪು ಮಣ್ಣು, ಅದೇ ಬಾರೆಗಿಡ, ಅವೇ ಕುರಿಹಿಕ್ಕೆ. ಯಾರೂ ಒಂದು ಗುದ್ದಲಿ ಹೆಚ್ಚು ಹಾಕಿರಲಿಲ್ಲ. ನೆಲ ತನ್ನ ಪಾಡಿಗೆ ಮಲಗಿಕೊಂಡೇ ನನ್ನ ಜೀವಮಾನದ ಉಳಿತಾಯವನ್ನು ದಾಟಿತ್ತು. ಖುಷಿಯಾಯಿತು ಎಂದರೆ ಸುಳ್ಳಲ್ಲ, ಆದರೆ ಖುಷಿಗಿಂತ ಮೊದಲು ಬಂದದ್ದು ಭಯಭಕ್ತಿ. ಚಪ್ಪಲಿ ಬಿಟ್ಟು ನಿಂತಿದ್ದೆನೆಂದು ಆಮೇಲೆ ಗಮನಿಸಿದೆ.

ಅತ್ತೆ ವಿಷಯ ಕೇಳಿ ಮೊದಲು ಕೇಳಿದ್ದು, "ಕಾವಲಿಗೆ ಗೋಡೆ ಹಾಕ್ತಾರಂತಾ?"

"ಹಾಕ್ತಾರಂತೆ. ಅದಕ್ಕೇ ಬೆಲೆ."

"ಹಂಗಾರೆ ಕುರಿ ಎಲ್ಲಿ ಮೇಯ್ತಾವೆ?"

ಯಾವ ಕಾರಣಕ್ಕೆ ಅವರು ಆ ನೆಲ ಕೊಂಡಿದ್ದರೋ ಆ ಕಾರಣ ಸಾಯುತ್ತಿತ್ತು. ನಾನು ಕೊಂಡ ಕಾರಣ ಎದ್ದು ಕುಣಿಯುತ್ತಿತ್ತು. ಅತ್ತೆ, "ಮರಿ ಹುಟ್ಟೈತೆ. ಅವನ ಪಾಲು ಅವನಿಗೆ ಕೊಟ್ಟು ಬಾ" ಎಂದರು.

ನಾನು ಸಿಡಿದೆ. ಇದೇನು ಕುರಿಯಾ? ಪತ್ರದಲ್ಲಿ ಎಲ್ಲೈತೆ? ಏರಿದ ಬೆಲೆಯ ನಾಲ್ಕರಲ್ಲಿ ಒಂದೆಂದರೆ ಹತ್ತಿರ ಹತ್ತಿರ ಇಪ್ಪತ್ತು ಗುಂಟೆ. ಇಪ್ಪತ್ತು ಗುಂಟೆಗೆ ಇವತ್ತು ಎಷ್ಟಾಗುತ್ತದೆ ಗೊತ್ತಾ? ಬಾಯಿಗೆ ಬಂದದ್ದೆಲ್ಲಾ ಅಂದೆ. ಅತ್ತೆ ತೆಲುಗಿಗೆ ತಿರುಗಬಹುದೆಂದು ಕಾದೆ. ತಿರುಗಲಿಲ್ಲ.

"ನಿನ್ನ ಹೆಸರಿನಾಗೈತೆ" ಎಂದಷ್ಟೇ ಹೇಳಿ ಎದ್ದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಗಂಡನನ್ನು ಕೇಳಿದರೆ, "ಮಾತು ಅವ್ವಂದು, ಸಹಿ ನಿಂದು. ನಾನು ಬರೀ ಕಂಡಕ್ಟರು" ಎಂದು ಜಾರಿಕೊಂಡರು.

ಅಲ್ಲಿಂದ ನನ್ನ ಪಾಡು ಹೇಳತೀರದು. ತಳಕಿನಲ್ಲಿ ಅವನ ಅಂಗಡಿಯ ಮುಂದೆಯೇ ಬಸ್ಸು ನಿಲ್ಲುತ್ತಿತ್ತು. ನಾನು ಒಂದು ಸ್ಟಾಪು ಮುಂದೆ ಹೋಗಿ ಇಳಿದು, ಬಿಸಿಲಿನಲ್ಲಿ ನಡೆದು ಹಿಂದಕ್ಕೆ ಬರತೊಡಗಿದೆ. ಮಕ್ಕಳು, "ಮೇಡಂ ಡಾಕ್ಟ್ರು ವಾಕಿಂಗ್ ಹೇಳಿದಾರಾ?" ಎಂದು ಕೇಳಿದರು. ಹೌದೆಂದೆ. ಪಾಠದಲ್ಲಿ ಪಾಲುದಾರಿಕೆಯ ಲೆಕ್ಕ ಬಂದಾಗ ಅದನ್ನು ಹಾರಿಸಿ ತ್ರಿಭುಜಕ್ಕೆ ಹೋದೆ.

ಹೀಗೆ ನಾಲ್ಕು ತಿಂಗಳು ಕಳೆದವು. ಒಂದು ದಿನ ಕಾಲು ನೋವಿಗೆ ಸೋತು ಅವನ ಅಂಗಡಿಯ ಮುಂದೆಯೇ ಇಳಿದೆ. ಅವನು ಏನೂ ಆಗಿಲ್ಲವೆಂಬಂತೆ ಚಹಾ ಸೋಸಿದ. ನನಗೇ ತಡೆಯಲಾಗಲಿಲ್ಲ. ಅವನಿಗೆ ಗೊತ್ತಿದೆಯೋ ಇಲ್ಲವೋ ತಿಳಿಯಬೇಕಿತ್ತು.

"ನಮ್ಮ ಕಡೆ ಹೊಲಕ್ಕೆಲ್ಲಾ ಬೆಲೆ ಬಂದೈತಂತೆ" ಎಂದೆ.

"ಕೇಳ್ದೆ ಮೇಡಂ. ಸಕ್ರೆ ಕಡಿಮೆ ಹಾಕ್ಲಾ?"

ಅಷ್ಟೇ. ಮರೆತಿದ್ದಾನೆ ಎಂದು ನನ್ನ ಎದೆ ಹಗುರಾಯಿತು. ಲೋಟ ತೆಗೆದುಕೊಳ್ಳಲು ತಲೆಯೆತ್ತಿದೆ. ಒಲೆಯ ಹಿಂದಿನ ಗೋಡೆಯಲ್ಲಿ, ದೇವರ ಪಟದ ಮೊಳೆಗೆ, ದಾರದಲ್ಲಿ ಕಟ್ಟಿದ ಒಂದು ಚಿಟಿಕೆ ಉಣ್ಣೆ ತೂಗುತ್ತಿತ್ತು. ಹತ್ತು ವರ್ಷದ ಹೊಗೆ ಕುಡಿದು ಅಂಟಂಟಾಗಿತ್ತು. ಇಷ್ಟು ವರ್ಷ ದಿನಾ ಅದರ ಕೆಳಗೇ ನಿಂತು ನಾನು ಚಹಾ ಕುಡಿದಿದ್ದೆ. ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ.

ಅವನು ನನ್ನ ಕಣ್ಣು ಎಲ್ಲಿದೆ ಎಂದು ನೋಡಿದ. ನೋಡಿ, ಬೇರೆ ಗಿರಾಕಿಯ ಕಡೆ ತಿರುಗಿದ. ಕೇಳಿದರೆ ಪಾಲು ಹೋಗುತ್ತದೆ ಎಂಬ ಲೆಕ್ಕಾಚಾರವೂ ಆ ಮೌನದಲ್ಲಿ ಇತ್ತೋ ಏನೋ. ಇದ್ದರೂ ಇರಲಿ. ಬಿಳಿ ಕಾರುಗಳು ಓಡಾಡುವುದನ್ನು ನೋಡುತ್ತಾ, ನಾನು ಮುಖ ತಪ್ಪಿಸಿಕೊಂಡು ಮುಂದಿನ ಸ್ಟಾಪಿನಿಂದ ನಡೆದು ಬರುವುದನ್ನು ನೋಡುತ್ತಾ, ನಾಲ್ಕು ತಿಂಗಳು ಬಾಯಿ ಬಿಗಿಹಿಡಿದು ಚಹಾ ಸೋಸಿದ ಆ ಮನುಷ್ಯನ ಮುಂದೆ ನಾನು ತೀರಾ ಸಣ್ಣವಳಾದೆ.

ಸಂಜೆ ಮನೆಗೆ ಬಂದವಳೇ, "ಅತ್ತೆ, ಉಣ್ಣೆ ಎಲ್ಲೈತೆ?" ಎಂದೆ.

ಅವರು ಎಲೆಅಡಿಕೆ ಚೀಲದ ಒಳಜೇಬಿನಿಂದ ತೆಗೆದುಕೊಟ್ಟರು. ಸುಣ್ಣ ಹತ್ತಿ ಬೆಳ್ಳಗಾಗಿತ್ತು. "ಎಷ್ಟು ತಿಂಗಳಾತು ನಾನು ಹೇಳಿ?" ಎಂದು ಕೇಳಿದರು.

"ನಾಲ್ಕು."

"ಕುರಿಗೇ ಈಯಕ್ಕೆ ಐದು ತಿಂಗಳು ಬೇಕು. ನೀನು ಲಗು ಮಾಡ್ದೆ ಬಿಡು" ಎಂದು ಬಾಯ್ತುಂಬ ನಕ್ಕರು. ನಾನು ಅವರ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಕಂಬಳಿಯ ವಾಸನೆ, ಎಲೆಅಡಿಕೆಯ ವಾಸನೆ. ಓದು ಬರಹ ಬಾರದ ಈ ಹೆಂಗಸು ಹತ್ತು ವರ್ಷದ ಹಿಂದೆ, ಬರಲಿರುವ ಬೆಲೆಯನ್ನು ಕೊಳ್ಳುವವಳು ಎಣಿಸಬೇಕೋ ಮಾರುವವನು ಎಣಿಸಬೇಕೋ ಎಂದು ನಾವಿಬ್ಬರೂ ಕಿತ್ತಾಡುತ್ತಿದ್ದಾಗ, ಯಾರೂ ಎಣಿಸುವುದು ಬೇಡ, ಬಂದಾಗ ಹಂಚಿಕೊಳ್ಳೋಣ ಎಂದು ಒಂದು ಚಿಟಿಕೆ ಉಣ್ಣೆಯಲ್ಲಿ ಮುಗಿಸಿದ್ದರು. ನನ್ನ ಬಿ.ಎಡ್. ಅವರ ಅಂಗೈ ಕೆಳಗೆ ಮುಚ್ಚಿಹೋಗುವಷ್ಟು ಪುಟ್ಟದು ಎನಿಸಿತು.

ಇಪ್ಪತ್ತು ಗುಂಟೆ ಅವನ ಹೆಸರಿಗಾಯಿತು. ಅವನೇನು ಸಂತನಲ್ಲ, ತಿಂಗಳೊಳಗೆ ಅದೇ ದಲ್ಲಾಳಿಗೆ ಮಾರಿ, ಅಂಗಡಿಗೆ ತಾರಸಿ ಹಾಕಿಸಿದ. ನಾವು ಒಂದೂವರೆ ಎಕರೆಯನ್ನು ಇಟ್ಟುಕೊಂಡೆವು. ಕಾವಲಿಗೆ ಗೋಡೆ ಎದ್ದ ಮೇಲೆ ಕುರಿ ಇಪ್ಪತ್ತಕ್ಕೆ ಇಳಿದವು, ಆದರೂ ಅಲ್ಲೇ ಮಲಗುತ್ತಿದ್ದವು.

ಅವನ ಹೆಸರಿಗೆ ನೋಂದಣಿ ಮುಗಿಸಿಕೊಂಡು ಬಂದ ದಿನ ತಳಕಿನಲ್ಲಿ ಬಸ್ಸಿಳಿದು ನಾನೂ ಅತ್ತೆಯೂ ಅವನ ಜೊತೆಯೇ ಅಂಗಡಿಗೆ ಹೋದೆವು. ಅವನು ಮೊಳೆಯಿಂದ ಉಣ್ಣೆ ಬಿಡಿಸಿದ. ಅತ್ತೆ ಅದನ್ನು ತಮ್ಮದರ ಜೊತೆ ಸೇರಿಸಿ, ತೊಡೆಯ ಮೇಲೆ ಹೊಸೆದು ಒಂದೇ ಎಳೆ ಮಾಡಿ, ಬಾರೆಗಿಡಕ್ಕೆ ಕಟ್ಟಲೆಂದು ಚೀಲದಲ್ಲಿಟ್ಟುಕೊಂಡರು. ಅವನು ಎರಡು ಚಹಾ ತಂದಿಟ್ಟ, ಗಟ್ಟಿ ಹಾಲಿನದು. ನಾನು ಕುಡಿದು ಎದ್ದು, ಅಷ್ಟೊಂದು ಕೊಟ್ಟು ಬಂದಿದ್ದೇನಲ್ಲ ಎಂಬ ಗತ್ತಿನಲ್ಲಿ ಹಾಗೇ ಹೊರಟೆ.

"ಮೇಡಂ," ಎಂದು ಅವನು ಕರೆದ. "ಚಹಾದ್ದು?"

ನಾನು ತಿರುಗಿ ನಿಂತೆ. ಅವನ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಪಕ್ಕದಲ್ಲಿ ಅತ್ತೆ ಆಗಲೇ ಸೆರಗಿನ ಗಂಟು ಬಿಚ್ಚುತ್ತಿದ್ದರು.

"ಕೊಡವ್ವ," ಎಂದರು ನನಗೆ. "ಇವತ್ತಿಂದು ಇವತ್ತು."

ನಾನು ಎರಡು ಚಹಾದ ಚಿಲ್ಲರೆಯನ್ನು ಎಣಿಸಿ ಅವನ ಡಬ್ಬಿಗೆ ಹಾಕಿದೆ.